ಮಾವ ಯಾವ ಕುರಿಯಲ್ಲೂ ಕಾಣದ ಗಂಟು

ನನ್ನ ಸೋದರಮಾವನ ಅಂಗೈ ಮಗುವಿನ ಕೆನ್ನೆಯಷ್ಟು ಮೆತ್ತಗಿತ್ತು. ಹುಟ್ಟಿದಾಗಿನಿಂದ ಕುರಿಯ ಹಿಂದೆ ನಡೆದ ಮನುಷ್ಯ. ಪಾದ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು, ಕತ್ತು ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅಂಗೈ ಮಾತ್ರ ನುಣುಪು. ಉಣ್ಣೆ ಕತ್ತರಿಸುವಾಗ ಅದರ ಜಿಡ್ಡು ಹತ್ತಿ ಹತ್ತಿ ಹಾಗಾಗುತ್ತದಂತೆ. ಮದುವೆಮನೆಯಲ್ಲಿ ಅವರು ಕೈಹಿಡಿದು ಮಾತಾಡಿಸಿದರೆ ಪೇಟೆಯ ನೆಂಟರು ಒಂದು ಗಳಿಗೆ ಬೆಚ್ಚಿ ಕೈ ನೋಡಿಕೊಳ್ಳುತ್ತಿದ್ದರು.

ನನ್ನ ವಿಷಯವನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ಹೊಸದುರ್ಗದ ಒಂದು ಮೊಬೈಲ್ ಅಂಗಡಿಯಲ್ಲಿ ಒಡೆದ ಗಾಜು ಬದಲಾಯಿಸುವುದು ನನ್ನ ಕೆಲಸ, ಕಂಡವರ ದನಿ ಕದಿಯುವುದು ನನ್ನ ಚಟ. ಕಂಡಕ್ಟರು, ಪೂಜಾರಿ, ಮೂಗಿನಲ್ಲಿ ಮಾತಾಡುವ ನಮ್ಮ ಅಂಗಡಿ ಮಾಲೀಕರು, ಯಾರನ್ನೂ ಬಿಟ್ಟಿಲ್ಲ. ಒಂದು ಸಲ ಹೆಣ್ಣು ನೋಡಲು ಹೋದಲ್ಲಿ ಹುಡುಗಿಯ ಅಪ್ಪನ ಕೆಮ್ಮನ್ನೇ ಅವರ ಮುಂದೆ ಕೆಮ್ಮಿ, ಕಾಫಿ ಬರುವ ಮೊದಲೇ ಎದ್ದು ಬಂದಿದ್ದೇನೆ. ಸ್ವಂತ ದನಿ ಯಾವುದೆಂದು ಕೇಳಿದರೆ ಸ್ವಲ್ಪ ಹೊತ್ತು ಯೋಚಿಸಬೇಕಾಗುತ್ತದೆ.

ಮಾವನ ಊರು ಬಾಗೂರಿನ ಹತ್ತಿರ. ಬಾಗೂರಿನಿಂದ ಹಿಡಿದು ರಾಮಗಿರಿ, ಹೊರಕೆರೆದೇವಪುರದವರೆಗೆ ಟಗರುಗಳ ಬೀಜ ಒಡೆಯಲು ಜನ ಅವರನ್ನೇ ಕರೆಯುತ್ತಿದ್ದರು. ಕೊಬ್ಬಲಿ, ಕಾದಾಡದಿರಲಿ ಎಂದು ಕುರಿಯವರು ಗಂಡುಮರಿಗಳಿಗೆ ಮಾಡಿಸುವ ಕೆಲಸ ಅದು. ಮರಿಯನ್ನು ಮಂಡಿಯ ನಡುವೆ ಅದುಮಿ, ಆ ಮೆತ್ತನೆಯ ಕೈಯಿಂದ ತಡವಿ, "ಆತು ಬಿಡಪ್ಪ, ಆತು, ಇನ್ನೇನಿಲ್ಲ" ಅನ್ನುತ್ತಲೇ ಮುಗಿಸುತ್ತಿದ್ದರು. ಹಬ್ಬದಲ್ಲಿ ಕುರಿ ಕಡಿದು ಹಸನು ಮಾಡುವವರೂ ಅವರೇ. ನಾನು ಚಿಕ್ಕವನಿದ್ದಾಗ ಒಂದೊಂದೇ ಅಂಗ ಎತ್ತಿ ತೋರಿಸುತ್ತಿದ್ದರು. ಇದು ಗುಂಡಿಗೆ, ಇದು ಹುರುಳಿಕಾಯಿ ಆಕಾರದ್ದು ಮೂತ್ರಪಿಂಡ, ಇದು ಉಚ್ಚೆ ಚೀಲ, ಇಲ್ಲಿಂದ ನಾಳ ಹೊರಡ್ತೈತೆ ನೋಡು. "ದೇಹ ಅಂದ್ರೆ ದೇಹನೇ ಕಣಲೇ. ಕುರಿದಾದ್ರೇನು, ಕುರುಬಂದಾದ್ರೇನು" ಅನ್ನುವುದು ಅವರ ಮಾತು. ಶಾಲೆಯ ಪುಸ್ತಕದಲ್ಲಿ ಸೊಂಟದ ಕೆಳಗೆ ಖಾಲಿ ಬಿಟ್ಟಿದ್ದನ್ನೆಲ್ಲ ನಾನು ಮಾವನ ಚಾಕುವಿನ ತುದಿಯಲ್ಲಿ ಕಲಿತೆ.

ನಾನು ಮಾಡಿದ ತಪ್ಪು ಹೊಳಲ್ಕೆರೆಯಲ್ಲಿ ನಡೆಯಿತು. ಚಿಕ್ಕಮ್ಮನ ಹೊಸ ಮನೆಯ ಗೃಹಪ್ರವೇಶ. ಊಟವಾಗಿ ಎಲ್ಲರೂ ಪೆಂಡಾಲಿನಡಿ ಎಲೆಅಡಿಕೆ ಹಾಕುತ್ತಾ ಕೂತಿದ್ದರು. ಎಂದಿನಂತೆ, "ಲೇ, ಯಾರದಾದ್ರೂ ಮಾಡು" ಅಂದರು. ನಾನು ಮನೆಯವರನ್ನೆಲ್ಲ ಒಂದು ಸುತ್ತು ಮುಗಿಸಿ ಮಾವನ ಸರದಿಗೆ ಬಂದೆ. ಅವತ್ತು ಬೆಳಿಗ್ಗೆ ಕಾಂಪೌಂಡಿನ ಹಿಂದೆ ಅವರು ನಿಂತಿದ್ದನ್ನು ನೋಡಿದ್ದೆ. ಪಂಚೆ ಎತ್ತಿ, ಕಾಲು ಅಗಲಿಸಿ, ಆಕಾಶ ನೋಡುತ್ತಾ ಕಾಯುವುದು. ಒಮ್ಮೆ ಕೆಮ್ಮುವುದು. ನಾಲ್ಕು ಹನಿ. ಮತ್ತೆ ಕಾಯುವುದು. "ಬಾರಪ್ಪ, ಬಾ" ಎಂದು ಬೇಡಿಕೊಳ್ಳುವುದು. ಎರಡು ಹನಿ. ಮುಗಿಯಿತೆಂದು ಪಂಚೆ ಇಳಿಸಿ ಎರಡು ಹೆಜ್ಜೆ ಹೋಗಿ ಮತ್ತೆ ವಾಪಸು ಬರುವುದು. ಅದನ್ನೆಲ್ಲ ಪೆಂಡಾಲಿನ ಕಂಬದ ಪಕ್ಕ ನಿಂತು ಮಾಡಿ ತೋರಿಸಿದೆ. ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಅಡಿಗೆಯವರು ಸೌಟು ಹಿಡಿದೇ ಹೊರಗೆ ಬಂದರು. ಮಾವ ಎಲ್ಲರಿಗಿಂತ ಜೋರಾಗಿ ನಕ್ಕು, ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡು, "ಥೂ ನಿನ್ನ, ಏನೂ ಬಿಡಂಗಿಲ್ಲ ನೀನು" ಅಂದರು.

ನಾನು ಮಾಡಿ ತೋರಿಸಿದ್ದು ಒಂದು ಕಾಯಿಲೆಯನ್ನು. ಅದು ನನಗೂ ಗೊತ್ತಿರಲಿಲ್ಲ, ನಕ್ಕವರಿಗೂ ಗೊತ್ತಿರಲಿಲ್ಲ.

ಅವತ್ತಿನಿಂದ ಮಾವ ಯಾರ ಕಣ್ಣಿಗೂ ಬೀಳದಷ್ಟು ದೂರ ಹೋಗಿ ಕೂರಲು ಶುರುಮಾಡಿದರಂತೆ. ನೆಂಟರ ಮನೆಗೆ ಹೋದರೆ ನೀರು ಕುಡಿಯುತ್ತಿರಲಿಲ್ಲ. ಇದನ್ನೆಲ್ಲ ಅತ್ತೆ ನನಗೆ ಹೇಳಿದ್ದು ಒಂದು ವರ್ಷದ ಮೇಲೆ. ಮಾವ ತಾವೇ ರೋಗ ಪತ್ತೆ ಮಾಡಿಕೊಂಡಿದ್ದರು: ಕಲ್ಲು. ಕಾಳು ಜಾಸ್ತಿ ತಿಂದ ಟಗರಿಗೆ ಉಚ್ಚೆಯಲ್ಲಿ ಕಲ್ಲು ಕಟ್ಟುತ್ತದೆ. ಟಗರಿನ ಶಿಶ್ನದ ತುದಿಯಲ್ಲಿ ಎರೆಹುಳದ ಹಾಗೆ ಒಂದು ಸಣ್ಣ ಎಳೆ ಇರುತ್ತದೆ, ಕಲ್ಲು ಅಲ್ಲೇ ಸಿಕ್ಕಿಕೊಳ್ಳುವುದು ಹೆಚ್ಚು. ಮಾವ ಆ ಎಳೆಯನ್ನು ಕತ್ತರಿಸಿ ಎಷ್ಟೋ ಟಗರು ಉಳಿಸಿದ್ದರು. ತಮಗೆ ಕತ್ತರಿಸಲು ಅಂಥದ್ದೇನೂ ಇಲ್ಲದ್ದರಿಂದ ಬಾಳೆದಿಂಡಿನ ರಸ ಕುಡಿದರು, ಹುರುಳಿ ಬಸಿದ ನೀರು ಕುಡಿದರು. ಬೆನ್ನಿನ ಕೆಳಗೆ ನೋವು ಶುರುವಾದಾಗ, "ಕಲ್ಲು ಇಳೀತಾ ಐತೆ, ಅದಕ್ಕೇ ನೋವು" ಎಂದು ಅತ್ತೆಗೆ ಧೈರ್ಯ ಹೇಳಿದರು.

ಗೃಹಪ್ರವೇಶವಾಗಿ ಒಂದು ವರ್ಷಕ್ಕೆ, ಉಣ್ಣೆ ಕತ್ತರಿಸುವ ದಿನ ಎಲ್ಲ ಹೊರಗೆ ಬಿತ್ತು. ಅತ್ತೆಯ ಫೋನು ಬಂದು ನಾನು ಹೋಗುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಕುರಿಗಳು ಅರ್ಧ ಬೋಳಾಗಿ ನಿಂತಿದ್ದವು. ಮಾವ ಉಣ್ಣೆಯ ರಾಶಿಗೆ ಒರಗಿ, ಎರಡೂ ಕೈಯಲ್ಲಿ ಕಿಬ್ಬೊಟ್ಟೆ ಹಿಡಿದು ಕೂತಿದ್ದರು. ಬೆಳಗಿನಿಂದ ಒಂದು ಹನಿ ಬಂದಿರಲಿಲ್ಲ. ಹೊಟ್ಟೆ ಕುಂಬಳಕಾಯಿಯ ಹಾಗೆ ಗಟ್ಟಿಯಾಗಿ ಉಬ್ಬಿತ್ತು. ಮುಖದ ತುಂಬ ತಣ್ಣನೆಯ ಬೆವರು.

"ಮಾವ, ಏಳ್ರಿ. ಹೊಸದುರ್ಗಕ್ಕೆ ಹೋಗಾಣ."

"ಕಲ್ಲು ಅಡ್ಡ ಬಂದೈತೆ ಅಷ್ಟೇ. ಬಾಳೆದಿಂಡು ತರ್ಸು."

"ಬಾಳೆತೋಟನೇ ತರಿಸ್ತೀನಿ, ಮೊದ್ಲು ಆಟೋ ಹತ್ರಿ."

ನಾನು ನಗಿಸಲು ಹೇಳಿದ್ದು. ಅವರು ನನ್ನ ಮುಖ ನೋಡಿದರು. ಮಂಡಿಯ ನಡುವೆ ಸಿಕ್ಕ ಮರಿಯ ಕಣ್ಣಿನಲ್ಲಿ ಅಂಥ ನೋಟ ಕಂಡಿದ್ದೆ, ಮಾವನ ಕಣ್ಣಿನಲ್ಲಿ ಕಂಡಿರಲಿಲ್ಲ.

ಕುರಿ ಸಾಗಿಸುವ ಲಗೇಜ್ ಆಟೋದಲ್ಲೇ ಮಲಗಿಸಿಕೊಂಡು ಹೋದೆವು. ರಸ್ತೆಯ ಒಂದೊಂದು ಗುಂಡಿಗೂ ಅವರು ಹಲ್ಲು ಕಚ್ಚುತ್ತಿದ್ದರು. ಹೊಸದುರ್ಗದಲ್ಲಿ ಉಚ್ಚೆಗೆ ಪೈಪು ಹಾಕಿದಾಗ ಅದರ ಚೀಲ ತುಂಬಿ ಇನ್ನೊಂದು ಚೀಲ ಬೇಕಾಯಿತು. ಕೊನೆಯಲ್ಲಿ ಬಂದದ್ದು ಕೆಂಪಗಿತ್ತು. ಮಾವ ಕಣ್ಣುಮುಚ್ಚಿ, "ಸ್ವರ್ಗ" ಅಂದರು. ನಾನು ಆ ಕೆಂಪನ್ನೇ ನೋಡುತ್ತಾ ನಿಂತೆ. ಅಲ್ಲಿನವರು ಜಿಲ್ಲೆಯ ದೊಡ್ಡಾಸ್ಪತ್ರೆಗೆ, ದುರ್ಗಕ್ಕೆ ಬರೆದುಕೊಟ್ಟರು.

ದುರ್ಗದ ಆಸ್ಪತ್ರೆಯ ಡಾಕ್ಟರು ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ನನ್ನನ್ನು ಪರದೆಯಾಚೆ ನಿಲ್ಲಿಸಿ, ಕೈಗವಸು ಹಾಕಿಕೊಂಡು, ಮಾವನನ್ನು ಮಗ್ಗುಲಾಗಿ ಮಲಗಿಸಿ ಗುದದ್ವಾರದಲ್ಲಿ ಬೆರಳಿಟ್ಟು ಪರೀಕ್ಷೆ ಮಾಡಿದರು. ಒಳಗಿಂದ ಮಾವನ ದನಿ ಕೇಳಿತು: "ಸಾರ್, ನಾವು ಕುರಿಗೂ ಹಿಂಗೆ ಮಾಡಂಗಿಲ್ಲ." ಡಾಕ್ಟರು ನಕ್ಕಿದ್ದು ಕೇಳಿತು. ಆಮೇಲೆ ಆ ನಗು ನಿಂತಿದ್ದೂ ಕೇಳಿತು. ನಡುವೆ ಇದ್ದದ್ದು ಒಂದು ಹಸಿರು ಬಟ್ಟೆಯ ಪರದೆ. ಜೀವನವಿಡೀ ಜನರ ದನಿಯನ್ನೇ ಆಲಿಸಿದವನು ನಾನು. ಒಬ್ಬ ಡಾಕ್ಟರ ನಗು ಮಧ್ಯದಲ್ಲೇ ನಿಂತರೆ ಏನರ್ಥವೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ರಕ್ತಪರೀಕ್ಷೆ, ಸ್ಕ್ಯಾನು, ಸೂಜಿ ಹಾಕಿ ತುಣುಕು ತೆಗೆದದ್ದು ಎಲ್ಲ ಆಗಿ ಫಲಿತಾಂಶ ಬಂದ ದಿನ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದರು. "ಇದು ಮೂತ್ರದ ಚೀಲ. ಇದರ ಕೆಳಗೆ, ಮಲದ ದಾರಿಯ ಮುಂದೆ, ದೊಡ್ಡ ನೆಲ್ಲಿಕಾಯಿಯಷ್ಟು ಒಂದು ಗ್ರಂಥಿ ಇರುತ್ತೆ. ಪ್ರಾಸ್ಟೇಟ್ ಅಂತಾರೆ. ಗಂಡಸರಿಗೆ ಮಾತ್ರ. ವೀರ್ಯಕ್ಕೆ ಬೇಕಾದ ದ್ರವ ಮಾಡಿಕೊಡೋದು ಅದರ ಕೆಲಸ. ಮೂತ್ರದ ನಾಳ ಅದರ ನಡುವೆ ತೂರಿಕೊಂಡು ಹೋಗುತ್ತೆ. ಅದಕ್ಕೇ ಅದು ದಪ್ಪ ಆದರೆ ನಾಳ ಒತ್ತಿಕೊಳ್ಳುತ್ತೆ. ವಯಸ್ಸಾದ ಬಹಳ ಜನರಿಗೆ ಸುಮ್ಮನೆ ದಪ್ಪ ಆಗುತ್ತೆ, ಅದು ಕ್ಯಾನ್ಸರ್ ಅಲ್ಲ. ಕೆಲವರಿಗೆ ಸೋಂಕು ತಗುಲಿ ಜ್ವರ, ಉರಿ ಬರುತ್ತೆ. ನಿಮ್ಮದು ಎರಡೂ ಅಲ್ಲ."

ಮಾವ ಚಿತ್ರವನ್ನು ತಮ್ಮ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು. "ಸಾರ್, ಬೇಜಾರು ಮಾಡ್ಕಬ್ಯಾಡ್ರಿ. ನಾನು ಸಾವಿರ ಕುರಿ ಸೀಳಿದೀನಿ. ಉಚ್ಚೆ ಚೀಲ ನೋಡೀನಿ, ನಾಳ ಬೆರಳಲ್ಲಿ ಸವರಿ ನೋಡೀನಿ. ಈ ಜಾಗದಲ್ಲಿ ಇಂಥ ಗಂಟು ಯಾವ ಟಗರಿಗೂ ಇಲ್ಲ."

ಡಾಕ್ಟರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಅವರು ತಾಳ್ಮೆಯಿಂದ ಮುಂದಿನದನ್ನು ಹೇಳಿದರು. ರೋಗ ಬೆನ್ನುಮೂಳೆಗೂ ಹೋಗಿದೆ, ಆ ನೋವು ಅದರದ್ದೇ. ಪೂರ್ತಿ ತೆಗೆಯಲು ಆಗುವುದಿಲ್ಲ, ಆದರೆ ತಡೆಯಬಹುದು. ಗಂಡಸುತನದ ಹಾರ್ಮೋನು ಆ ಗಂಟಿಗೆ ಮೇವು ಇದ್ದ ಹಾಗೆ, ಅದು ಹೆಚ್ಚಾಗಿ ತಯಾರಾಗುವುದು ಬೀಜಗಳಲ್ಲಿ. ತಪ್ಪದೆ ಬಂದು ಇಂಜೆಕ್ಷನ್ ತೆಗೆದುಕೊಳ್ಳುತ್ತಾ ಇರಬೇಕು, ಇಲ್ಲವೇ ಒಂದೇ ಸಲ ಸಣ್ಣ ಆಪರೇಷನ್ ಮಾಡಿ ಬೀಜ ತೆಗೆಯಬೇಕು. ಕುರಿ ಹೊಡೆದುಕೊಂಡು ಊರೂರು ತಿರುಗುವವರಿಗೆ ಎರಡನೆಯದೇ ವಾಸಿ.

ಮಾವ ಎದ್ದು ನಿಂತರು. ಕೈಯಲ್ಲಿ ಪೈಪಿನ ಚೀಲ. "ಬೀಜ ಒಡೆದ ಟಗರಿಗೇ ಸಾರ್ ಉಚ್ಚೆ ಕಟ್ಟೋದು, ಒಡೀದಿದ್ದಕ್ಕಲ್ಲ. ಐವತ್ತು ವರ್ಷದಿಂದ ನೋಡ್ತಿದೀನಿ. ನೀವು ಉಲ್ಟಾ ಹೇಳ್ತಿದೀರಿ." ಕೈ ಮುಗಿದು ಹೊರಟೇಬಿಟ್ಟರು.

ನಾನು ಹಿಂದೆ ಓಡುವಷ್ಟರಲ್ಲಿ ಡಾಕ್ಟರು ನನ್ನ ತೋಳು ಹಿಡಿದರು. "ಬೆನ್ನುಮೂಳೆಯೊಳಗಿನ ನರ ಒತ್ತಿಕೊಂಡರೆ ಕಾಲು ಬಿದ್ದುಹೋಗಬಹುದು. ಯಾವತ್ತು ಅಂತ ಹೇಳೋಕಾಗಲ್ಲ. ಕರ್ಕೊಂಡು ಬನ್ನಿ."

ಆಮೇಲಿನ ಹನ್ನೆರಡು ದಿನ ನನಗೆ ಸರಿಯಾಗಿ ನಿದ್ದೆಯಿರಲಿಲ್ಲ. ಮಾವ ಪೈಪನ್ನು ತೊಡೆಗೆ ಕಟ್ಟಿಕೊಂಡು, ಚೀಲವನ್ನು ಕಂಬಳಿಯೊಳಗೆ ಮುಚ್ಚಿಕೊಂಡು ಕುರಿಯ ಹಿಂದೆ ಹೋಗಿದ್ದರು. ಅಂಗಡಿಯಲ್ಲಿ ಕೂತರೆ ಫೋನು ರಿಂಗಾದಾಗಲೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ನಾನಿರುವುದೇ ಫೋನಿನ ಅಂಗಡಿಯಲ್ಲಿ. ದಿನಕ್ಕೆ ಇನ್ನೂರು ಸಲ ಸಾಯುತ್ತಿದ್ದೆ. ಪ್ರತಿ ಸಲ ಅತ್ತೆಯೇ ಇರಬೇಕು, ಮಾವನ ಕಾಲು ಬಿದ್ದೇಹೋಗಿರಬೇಕು ಅನ್ನಿಸುತ್ತಿತ್ತು. ಮೂತ್ರಕ್ಕೆ ಹೋದರೆ ನನ್ನದೇ ಧಾರೆಯನ್ನು ಕಿವಿಗೊಟ್ಟು ಕೇಳುವ ಹುಚ್ಚೂ ಹತ್ತಿತು. ಇಪ್ಪತ್ತಾರು ವರ್ಷದವನು ಪಾಯಿಖಾನೆಯಲ್ಲಿ ನಿಂತು ದೇವರ ಹೆಸರು ಹೇಳುವುದನ್ನು ಯಾರಾದರೂ ಕಂಡಿದ್ದರೆ ಅವರಿಗೆ ಒಳ್ಳೆಯ ಐಟಂ ಸಿಗುತ್ತಿತ್ತು.

ಹದಿಮೂರನೆಯ ದಿನ ರಜಾ ಹಾಕಿ ಡಾಕ್ಟರಿಗೆ ಫೋನು ಮಾಡಿದೆ. ಅವರೇ, "ನಾನೂ ಅವರ ಮಾತೇ ಯೋಚಿಸ್ತಿದ್ದೆ. ನಮ್ಮ ಪಶುವೈದ್ಯ ಸ್ನೇಹಿತರನ್ನ ಕೇಳಿದೆ" ಎಂದು ಶುರುಮಾಡಿದರು. ಕೇಳಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ರಾಮಗಿರಿಯ ಕಡೆ ಹೊರಟೆ.

ಗುಡ್ಡದ ಬುಡದಲ್ಲಿ, ಬೇವಿನ ನೆರಳಿನಲ್ಲಿ ಮಾವ ಕೋಲು ಊರಿ ನಿಂತಿದ್ದರು. ಕೂತರೆ ಏಳಲು ಕಷ್ಟವೆಂದು ನಿಂತೇ ಇದ್ದರು. ನನ್ನನ್ನು ಕಂಡು, "ಬಂದ್ಯಾ, ಯಮನ ಏಜೆಂಟು" ಅಂದರು.

ನಾನು ಚೀಟಿ ತೆಗೆದು ಓದಿದೆ. "ಮಾವ, ನೀವು ಹೇಳಿದ್ದು ಸುಳ್ಳಲ್ಲವಂತೆ. ಟಗರಿಗೂ ಆ ಗ್ರಂಥಿ ಐತಂತೆ. ಆದ್ರೆ ಗಂಟಾಗಿಲ್ಲ, ನಾಳದ ಗೋಡೆ ಒಳಗೇ ತೆಳ್ಳಗೆ ಹರಡ್ಕಂಡಿರ್ತೈತಂತೆ. ಎಷ್ಟು ಸೀಳಿದ್ರೂ ಕಣ್ಣಿಗೆ ಕಾಣಂಗಿಲ್ಲವಂತೆ. ಮನುಷ್ಯಂಗಾದ್ರೆ ಗಂಟಾಗಿ ನಾಳ ಸುತ್ಕಂಡೈತೆ. ಮರಿ ಇದ್ದಾಗ್ಲೇ ಬೀಜ ಒಡೆದ್ರೆ ನಾಳ ಅಗಲ ಆಗಂಗಿಲ್ಲ, ಅದಕ್ಕೇ ಅವಕ್ಕೆ ಕಲ್ಲು ಸಿಕ್ಕಂಬೋದು. ನಿಮ್ಮ ನಾಳ ಬೆಳೆದು ಮುಗಿದೈತೆ. ನಿಮಗೆ ಅಡ್ಡ ಬಂದಿರೋದು ಕಲ್ಲಲ್ಲ."

ಮಾವ ತಮ್ಮ ಅಂಗೈ ಬಿಡಿಸಿ ನೋಡಿಕೊಂಡರು.

"ಅಂದ್ರೆ ಇತ್ತು," ಅಂದರು. "ನನ್ನ ಕೈಯಾಗೇ ಇತ್ತು, ನಂಗೆ ಕಾಣಲಿಲ್ಲ."

"ಡಾಕ್ಟ್ರಿಗೂ ಕುರಿದು ಗೊತ್ತಿರಲಿಲ್ಲವಂತೆ, ನೀವು ಕೇಳಿದ ಮೇಲೆ ತಿಳ್ಕಂಡರಂತೆ. ಈಗ ಹೋಗಾಣ ಬರ್ರಿ."

"ಅದಲ್ಲ ಕಣಲೇ." ಅವರು ಕೋಲಿನಿಂದ ಗುಂಪಿನ ಅಂಚಿನಲ್ಲಿದ್ದ ಒಂದು ದಪ್ಪ ಟಗರನ್ನು ತೋರಿಸಿದರು. "ಅದು ನಾನು ಒಡೆದಿದ್ದು. ಬೇರೆ ಟಗರು ಅದನ್ನ ಹಾಯಂಗಿಲ್ಲ, ಗುದ್ದಂಗಿಲ್ಲ. ಯಾಕೆ ಗೊತ್ತಾ? ಅದು ಅಲ್ಲಿ ಐತೆ ಅಂತಲೇ ಅವಕ್ಕಿಲ್ಲ. ನಾಳೆ ಕಟ್ಟೆ ಮ್ಯಾಲೆ ನಾನು ಕುಂತಾಗ ಜನ ಹಂಗೆ ನೋಡಿದ್ರೆ?"

"ಯಾರಿಗೆ ಗೊತ್ತಾಗ್ತೈತೆ ಮಾವ?"

"ನಿಂಗೆ ಗೊತ್ತಾಗ್ತೈತಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಉಚ್ಚೆ ಕಟ್ಟಿದ್ದನ್ನ ಹೊಳಲ್ಕೆರೆನಾಗೆ ನಿನ್ನ ನೋಡೇ ನಾನು ಕಂಡ್ಕಂಡಿದ್ದು. ಓ, ನಾನು ಹಿಂಗೆ ಕಾಣ್ತೀನಾ ಅಂತ. ಇನ್ನು ನೋವನ್ನೂ ಹೇಳಿದ್ರೆ ಅದನ್ನೂ ಮಾಡಿ ತೋರಿಸ್ತಾನೆ, ಅಂತ ಬಾಯಿ ಬಿಡಲಿಲ್ಲ."

ಒಂದು ವರ್ಷ. ಆ ಒಂದು ವರ್ಷದಲ್ಲಿ ಅದು ಬೆನ್ನಿಗೆ ಹತ್ತಿತ್ತೋ, ಮೊದಲೇ ಹತ್ತಿತ್ತೋ ಯಾರಿಗೂ ತಿಳಿಯದು. ಡಾಕ್ಟರನ್ನು ನಾನು ಕೇಳಿಲ್ಲ. ಕೇಳಲು ಇವತ್ತಿಗೂ ಹೆದರಿಕೆ.

"ಮಾಡಂಗಿಲ್ಲ ಮಾವ," ಅಂದೆ. ಅವರು ನನ್ನ ಕಣ್ಣೀರು ನೋಡಿ ಮುಖ ತಿರುಗಿಸಿಕೊಂಡು, "ಅತ್ತೆ ತಾವ ಹೇಳಬ್ಯಾಡ, ನಾನೇ ಹೇಳ್ತೀನಿ" ಅಂದರು. ಅವರು ಒಪ್ಪಿದ್ದು ಹಾಗೆ.

ಆಪರೇಷನ್ನಿನ ಬೆಳಿಗ್ಗೆ ಡಾಕ್ಟರು ಒಪ್ಪಿಗೆಪತ್ರ ಓದಿ ಹೇಳಿ, "ನಿಮಗೆ ಪೂರ್ತಿ ಸಮ್ಮತಿ ಇದೆಯಾ? ಈಗಲೂ ಬೇಡ ಅನ್ನಬಹುದು" ಎಂದು ಕೇಳಿದರು. ಮಾವ ಪೆನ್ನು ಹಿಡಿದು ಕೂತೇ ಇದ್ದರು. ಇನ್ನೊಂದು ಸಲ ಎದ್ದು ಹೋಗುತ್ತಾರೆಂದು ನಾನು ಬಾಗಿಲಿಗೆ ಅಡ್ಡ ನಿಂತೆ.

"ಇಷ್ಟು ಟಗರಿಗೆ ಮಾಡೀನಿ ಸಾರ್," ಅಂದರು, "ಒಂದನ್ನೂ ಕೇಳಿರಲಿಲ್ಲ. ನೀವು ನನ್ನ ಕೇಳ್ತಿದೀರಿ." ಅಕ್ಷರ ಅಕ್ಷರ ಕೂಡಿಸಿ ಸಹಿ ಹಾಕಿದರು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ ಆಪರೇಷನ್ನು ಬೇಗನೇ ಮುಗಿಯಿತು. ಎರಡು ವಾರದಲ್ಲಿ ಬೆನ್ನುನೋವು ಇಳಿಯಿತು. ಕೆಲವು ತಿಂಗಳಿಗೆ ಪೈಪೂ ಹೋಯಿತು. ಮೀಸೆ ಉದುರಲಿಲ್ಲ, ದನಿ ಬದಲಾಗಲಿಲ್ಲ. ಕಟ್ಟೆಯ ಮೇಲಿನವರು ಅವರನ್ನು ಮೊದಲಿನಂತೆಯೇ ಬೈದು ಮಾತಾಡಿಸಿದರು. ಮೈ ಇದ್ದಕ್ಕಿದ್ದಂತೆ ಬಿಸಿಯೇರಿ ಬೆವರುವುದು ಮಾತ್ರ ಶುರುವಾಯಿತು. ಅವರು ಅಂಗಿ ಬಿಚ್ಚಿ ಬೀಸಿಕೊಳ್ಳುತ್ತಾ ಕೂತರೆ ಅತ್ತೆ ಒಲೆಯ ಮುಂದಿನಿಂದ, "ಮುಟ್ಟು ನಿಂತಾಗ ನಾನು ಐದು ವರ್ಷ ಹಿಂಗೇ ಕುದ್ದೆ, ಆಗ ಸೆಖೆ ಅಂತಿದ್ರಿ. ಈಗ ಗೊತ್ತಾತಾ" ಅನ್ನುತ್ತಿದ್ದರು. ಮಾವ ಮತ್ತೆ ಕುರಿಮರಿಗಳ ಕೆಲಸಕ್ಕೂ ಹೋದರು. ಬಿಡುತ್ತಾರೆಂದುಕೊಂಡಿದ್ದೆ, ಬಿಡಲಿಲ್ಲ. ಆದರೆ ಮೊದಲು ಕೈಯ ಕಡೆಗಷ್ಟೇ ಇರುತ್ತಿದ್ದ ಅವರ ಕಣ್ಣು ಈಗ ಮರಿಯ ಮುಖದ ಮೇಲಿರುತ್ತಿತ್ತು. ಹೊತ್ತು ಹೆಚ್ಚು ಹಿಡಿಯುತ್ತಿತ್ತು.

ಎರಡು ವರ್ಷ ಹಾಗೆ ಸಿಕ್ಕಿತು. ಪ್ರತಿ ಸಲ ರಕ್ತಪರೀಕ್ಷೆಗೆ ದುರ್ಗದ ಬಸ್ಸು ಹತ್ತುವಾಗ ಇಬ್ಬರಿಗೂ ಮಾತು ನಿಲ್ಲುತ್ತಿತ್ತು, ರಿಪೋರ್ಟು ನೋಡಿ ಡಾಕ್ಟರು ತಲೆಯಾಡಿಸಿದ ಮೇಲೆ ಹೊಟ್ಟೆ ಬಿರಿಯುವಂತೆ ಇಡ್ಲಿ ತಿನ್ನುತ್ತಿದ್ದೆವು. ಮೂರನೆಯ ವರ್ಷದ ಶುರುವಿನಲ್ಲಿ ಅವರು ತಲೆಯಾಡಿಸಲಿಲ್ಲ. ಮೇವಿಲ್ಲದೆಯೂ ಬೆಳೆಯುವುದನ್ನು ಗಂಟು ಕಲಿತಿತ್ತು.

ಕೊನೆಯ ತಿಂಗಳು ಕಾಲಿನ ಶಕ್ತಿ ಹೋಯಿತು. ಒಂದು ಮಧ್ಯಾಹ್ನ ನಾನು, ನನ್ನ ಅಪ್ಪ, ಊರಿನ ಮೂರ್ನಾಲ್ಕು ಗಂಡಸರು ಮಂಚದ ಸುತ್ತ ಕೂತಿದ್ದೆವು. ಯಾರೋ, "ಏನಾಗಂಗಿಲ್ಲ, ಧೈರ್ಯವಾಗಿರಪ್ಪ" ಅಂದರು. ಮಾವ ತಲೆ ತಿರುಗಿಸಿ, ಅಷ್ಟೂ ಜನರೆದುರು, "ನಂಗೆ ಹೆದರಿಕೆ ಐತೆ" ಅಂದರು. ಸ್ವಲ್ಪ ತಡೆದು, "ಹೇಳಿದ್ರೆ ಹಗುರಾಗ್ತೈತೆ ಅಂತ ಹೇಳಿದೆ. ಆಗಲಿಲ್ಲ. ಆದ್ರೂ ಬಚ್ಚಿಡೋ ಕೆಲಸ ತಪ್ಪಿತು" ಅಂದರು. ಅಪ್ಪ ಅವರ ಕಾಲಿನ ಮೇಲೆ ಕೈಯಿಟ್ಟುಕೊಂಡು ಕೂತರು. ಆ ಕಾಲಿಗೆ ಅದು ತಿಳಿಯುತ್ತಿರಲಿಲ್ಲ. ಮೂರು ದಿನಕ್ಕೆ ಮಾವ ತೀರಿಕೊಂಡರು.

ಅಪ್ಪ ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಬಚ್ಚಲಿನ ಮಾತು ಬಂದರೆ ಎದ್ದು ಹೋಗುವ ಜಾತಿ. ಈ ವರ್ಷ ಒಂದು ಬೆಳಿಗ್ಗೆ ಪೇಪರಿನಿಂದ ಕಣ್ಣೆತ್ತದೆ, "ನಿಮ್ಮ ಮಾವಂಗೆ ಮೊದಮೊದಲು ಹೆಂಗಾಗ್ತಿತ್ತು?" ಎಂದು ಕೇಳಿದರು. ನಾನು ಅಣಕಿಸದೆ, ಕೈಕಾಲು ಆಡಿಸದೆ, ಬರೀ ಬಾಯಲ್ಲಿ ಹೇಳಿದೆ. ಅವರು ಪೇಪರು ಮಡಚಿಟ್ಟು ಅಂಗಿ ಹಾಕಿಕೊಂಡರು.

ಅಪ್ಪನದು ವಯಸ್ಸಿನ ಊತವಷ್ಟೇ ಎಂದು ಗೊತ್ತಾಗಿದೆ. ಮಾತ್ರೆ ನುಂಗುತ್ತಾ ಆರಾಮಾಗಿದ್ದಾರೆ. ಆದರೆ ಅದು ಗೊತ್ತಾಗುವ ಮೊದಲು ದುರ್ಗದ ಅದೇ ಆಸ್ಪತ್ರೆಯ ಬೆಂಚಿನ ಮೇಲೆ ಅರ್ಧ ಗಂಟೆ ಕಾದೆವು. ಅಪ್ಪ ಫೈಲನ್ನು ಎದೆಗೆ ಅವುಚಿಕೊಂಡಿದ್ದರು.

"ಹೆದರಿಕೆ ಆಗ್ತೈತೆ ಕಣೋ," ಅಂದರು.

ನನ್ನ ಜನ್ಮದಲ್ಲಿ ಅಪ್ಪ ಹಾಗಂದದ್ದು ಅದೇ ಮೊದಲು. ಹಾಗೆ ಅನ್ನಬಹುದೆಂದು ಅವರು ಯಾರಿಂದ ಕಲಿತರೆಂದು ನನಗೆ ಗೊತ್ತಿತ್ತು.

"ನಂಗೂ ಆಗ್ತೈತೆ," ಅಂದೆ. ಒಳಗಿನಿಂದ ಅಪ್ಪನ ಹೆಸರು ಕೂಗಿದರು. ಇಬ್ಬರೂ ಎದ್ದು ಒಳಗೆ ಹೋದೆವು.